ಮಿಕ್ಸಿ ಹಾಕಿದ್ರೆ ಆರ್‌ಸಿಸಿಬಿ ಬೀಳ್ತದಾ? ಮಳೆಗಾಲದ ಟ್ರಿಪ್ಪಿಂಗ್ ಹುಡುಕುವ ಕ್ರಮ

ಕಾಪು ಕಡೆಯ ಒಂದು ಹಳೇ ಹೆಂಚಿನ ಮನೆ, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ. ಮನೆಯಲ್ಲಿ ಅಜ್ಜಿ ಒಬ್ರೇ, ಮಗ ಮುಂಬೈಯಲ್ಲಿ. ವೈರಿಂಗ್ ಕೆಲಸದ ನನಗೆ ಫೋನ್ ಮಾಡಿದ್ದು ಮಗ. ಮಿಕ್ಸಿ ಹಾಕಿದ ಕೂಡ್ಲೆ ಇಡೀ ಮನೆಯ ಕರೆಂಟ್ ಹೋಗ್ತದಂತೆ, ಎರಡು ಸಲ ಮಿಕ್ಸಿ ರಿಪೇರಿಗೆ ಕೊಟ್ಟಾಯ್ತು, ಕಡೆಗೆ ಹೊಸ ಮಿಕ್ಸಿಯೇ ತಂದಾಯ್ತು, ಹೊಸದು ಹಾಕಿದ್ರೂ ಅದೇ. ನಾನು ಹೋಗಿ ಡಿಬಿ (ಮನೆಯ ಲೈನುಗಳೆಲ್ಲ ಹಂಚಿ ಹೋಗುವ ಪೆಟ್ಟಿಗೆ) ಕವರ್ ತೆಗೆದು ನೋಡ್ತೇನೆ, ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ್ರೆ ಸಪ್ಲೈ ಕಡಿಯುವ ಸ್ವಿಚ್, ಆನ್ ಆಗಿಯೇ ಉಂಟು, ಆದ್ರೆ ಅದರ ಮೇಲಿನ ವೈರನ್ನೂ ಕೆಳಗಿನ ವೈರನ್ನೂ ಸೇರಿಸಿ ಯಾರೋ ಡೈರೆಕ್ಟ್ ಮಾಡಿ ಹೋಗಿದ್ದಾರೆ. "ನಿನ್ನೆಯಿಂದ ಒಮ್ಮೆಯೂ ಬೀಳ್ಲಿಲ್ಲ ಮಗಾ, ಸರಿಯಾಗಿದೆ ಅಲ್ವಾ" ಅಂದ್ರು ಅಜ್ಜಿ. ಸರಿ ಆಗಿರ್ಲಿಲ್ಲ. ದೋಷ ಅಲ್ಲೇ ಇತ್ತು, ಅದನ್ನು ಹೇಳುವ ಬಾಯಿ ಮಾತ್ರ ಮುಚ್ಚಿದ್ರು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಡುಪಿ, ಮಂಗಳೂರು ಸುತ್ತ ನಮಗೆ ಬರುವ ಕಾಲ್‌ಗಳಲ್ಲಿ ಬಹಳಷ್ಟು ಇದೇ ರೀತಿಯವು. ವರ್ಷಕ್ಕೆ ಹತ್ರ ಹತ್ರ 4000 ಮಿಲಿಮೀಟರ್ ಮಳೆ ಬೀಳುವ ಊರು, ಮುರಕಲ್ಲಿನ ಗೋಡೆ ನೀರು ಕುಡಿದು ತಿಂಗಳುಗಟ್ಟಲೆ ಒದ್ದೆ ಇರ್ತದೆ, ಸಮುದ್ರದ ಉಪ್ಪುಗಾಳಿ ಬೇರೆ. ಹಾಗಾಗಿ ಹುಡುಕುವ ಕ್ರಮವನ್ನು ಒಮ್ಮೆ ವಿವರವಾಗಿ ಬರೀತೇನೆ, ಮನೆಯವರಿಗೂ ಆಗ್ಬೇಕು, ಹೊಸದಾಗಿ ಈ ಕೆಲಸಕ್ಕೆ ಬಂದ ಹುಡುಗರಿಗೂ ಆಗ್ಬೇಕು.

ಆರ್‌ಸಿಸಿಬಿ ಎಂತದನ್ನು ನೋಡ್ತದೆ

ತುಂಬಾ ಜನ ಎಂಸಿಬಿಯನ್ನೂ ಆರ್‌ಸಿಸಿಬಿಯನ್ನೂ ಒಂದೇ ಅಂದ್ಕೊಂಡಿದ್ದಾರೆ. ಎಂಸಿಬಿ ನೋಡುವುದು ಓವರ್‌ಲೋಡ್ ಮತ್ತು ಶಾರ್ಟ್ ಸರ್ಕ್ಯೂಟ್. ಆರ್‌ಸಿಸಿಬಿಗೆ ಅದೆರಡೂ ಬೇಡ, ಅದರೊಳಗೆ ಒಂದು ಬಳೆಯಂಥ ಕೋರ್ ಉಂಟು, ಫೇಸ್ ಮತ್ತು ನ್ಯೂಟ್ರಲ್ ಎರಡೂ ಆ ಬಳೆಯ ಒಳಗಿಂದ ಹೋಗ್ತವೆ, ಫೇಸಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬಂದ್ರೆ ಲೆಕ್ಕ ಸಮ, ಅದು ಸುಮ್ಮನೆ ಕೂತಿರ್ತದೆ. ಹೋದದ್ದರಲ್ಲಿ ಸ್ವಲ್ಪ ಬೇರೆ ದಾರಿಯಲ್ಲಿ, ಅಂದ್ರೆ ಅರ್ತಿಂಗ್ ಮೂಲಕವೋ ಒದ್ದೆ ಗೋಡೆ ಮೂಲಕವೋ ಮನುಷ್ಯನ ಮೈ ಮೂಲಕವೋ ವಾಪಸ್ ಹೋದ್ರೆ ಲೆಕ್ಕ ತಪ್ತದೆ, ಬೀಳ್ತದೆ. ಮನೆಗೆ ಹಾಕುವುದು 30 ಮಿಲಿ ಆಂಪಿಯರಿನದ್ದು. ಐಎಸ್ 12640 ಅನ್ನುವ ಭಾರತೀಯ ಮಾನದಂಡದ ಪ್ರಕಾರ ಅದು 15ರವರೆಗೆ ಬೀಳಬಾರದು, 30ಕ್ಕೆ 300 ಮಿಲಿಸೆಕೆಂಡ್ ಒಳಗೆ ಬೀಳ್ಲೇಬೇಕು, ಅದರ ಐದು ಪಟ್ಟು ಕರೆಂಟ್ ಸೋರಿದ್ರೆ 40 ಮಿಲಿಸೆಕೆಂಡ್ ಒಳಗೆ. ಅಂದ್ರೆ 15ರಿಂದ 30ರ ನಡುವೆ ಎಲ್ಲಿ ಬೇಕಾದ್ರೂ ಬೀಳಬಹುದು, 20ಕ್ಕೆ ಬಿತ್ತು ಅಂತ ಅದು ಹಾಳಾಗಿದೆ ಅಂತಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೇನೆ. ಒಂದು ಕೈಯಲ್ಲಿ ಫೇಸ್ ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದ್ರೆ ಆರ್‌ಸಿಸಿಬಿ ನಿಮ್ಮನ್ನು ಉಳಿಸ್ಲಿಕ್ಕಿಲ್ಲ, ಅದಕ್ಕೆ ನೀವೂ ಒಂದು ಬಲ್ಬಿನ ಹಾಗೆ ಕಾಣ್ತೀರಿ. ಅದು ಉಂಟು ಅಂತ ಧೈರ್ಯ ಮಾಡಿ ಲೈವ್ ಆಗಿ ಕೈ ಹಾಕಬೇಡಿ.

ಮೊದಲ ಪ್ರಶ್ನೆ: ಯಾವಾಗ ಬೀಳ್ತದೆ?

ಟೂಲ್ ಬ್ಯಾಗ್ ತೆಗೆಯುವ ಮೊದಲೇ ನಾನು ಕೇಳುವ ಪ್ರಶ್ನೆ ಇದು, ಅರ್ಧ ಉತ್ತರ ಇಲ್ಲೇ ಸಿಗ್ತದೆ.

ಒಂದೇ ಒಂದು ವಸ್ತು ಹಾಕಿದಾಗ ಮಾತ್ರ ಬೀಳ್ತದೆ, ಬೇರೆ ಎಷ್ಟು ಲೋಡ್ ಹಾಕಿದ್ರೂ ನಿಲ್ತದೆ ಅಂತಾದ್ರೆ ಆ ವಸ್ತುವಿನಲ್ಲೇ ಲೀಕೇಜ್. ಗೀಸರ್ ಕಾಯಿಲ್ ಇದರಲ್ಲಿ ಮೊದಲನೆಯದು. ಕಾಯಿಲಿನ ಒಳಗೆ ತುಂಬಿಸಿದ ಮೆಗ್ನೀಷಿಯಂ ಆಕ್ಸೈಡ್ ಪುಡಿ ತೇವ ಎಳೀತದೆ, ಬೇಸಿಗೆಯೆಲ್ಲ ಹಾಕದೆ ಇದ್ದು ಮಳೆಗಾಲಕ್ಕೆ ಒಮ್ಮೆಲೇ ಹಾಕುವಾಗ ಬೀಳ್ತದೆ. ಹೊರಗಿನ ಕವಚದಲ್ಲಿ ಸೂಜಿ ಮೊನೆಯಷ್ಟು ತೂತಾಗಿದ್ರೂ ಸಾಕು.

ಮೆಟ್ಟಿಲಿನ ಲೈಟ್ ಹಾಕಿದಾಗ ಮಾತ್ರ ಬೀಳ್ತದೆ, ಮೇಲಿನ ಮಹಡಿಗೆ ಬೇರೆ ಆರ್‌ಸಿಸಿಬಿ ಉಂಟು ಅಂತಾದ್ರೆ ನೀರನ್ನು ದೂರಬೇಡಿ, ಅದು ವೈರಿಂಗ್ ತಪ್ಪು. ಮೇಲಿಂದಲೂ ಕೆಳಗಿಂದಲೂ ಹಾಕುವ ಟೂ ವೇ ಸ್ವಿಚ್ಚಿಗೆ ಫೇಸ್ ಕೆಳಗಿನ ಡಿಬಿಯಿಂದ, ನ್ಯೂಟ್ರಲ್ ಹತ್ರ ಸಿಕ್ತು ಅಂತ ಮೇಲಿನ ಡಿಬಿಯಿಂದ. ಎರಡರ ಲೆಕ್ಕವೂ ತಪ್ಪುತ್ತದೆ.

ಇನ್ವರ್ಟರ್ ಹಾಕಿಸಿದ ಮರುದಿನದಿಂದ ಶುರುವಾಯ್ತು ಅಂದ್ರೆ ಅದೂ ಇದೇ ಜಾತಿ, ಇನ್ವರ್ಟರಿನ ಫೇಸ್ ಆರ್‌ಸಿಸಿಬಿಯ ಮೊದಲೇ ಎಳೆದು, ನ್ಯೂಟ್ರಲ್ ಮಾತ್ರ ಆರ್‌ಸಿಸಿಬಿ ನಂತರದ ಬಾರ್‌ಗೆ ಕೊಟ್ಟಿರ್ತಾರೆ. ಹೋಗುವ ದಾರಿ ಬರುವ ದಾರಿ ಎರಡೂ ಒಂದೇ ಆರ್‌ಸಿಸಿಬಿ ಒಳಗಿಂದ ಆಗ್ಬೇಕು, ಅಷ್ಟೇ ನಿಯಮ.

ಸಿಡಿಲು ಬಂದಾಗ ಮಾತ್ರ ಬಿದ್ದು ಮತ್ತೆ ಎತ್ತಿದ್ರೆ ನಿಲ್ತದೆ ಅಂದ್ರೆ ಹೆಚ್ಚು ಚಿಂತೆ ಬೇಡ. ಮೇ ಮತ್ತು ಅಕ್ಟೋಬರ್‌ನಲ್ಲಿ ಇದು ಜಾಸ್ತಿ.

ಏನೂ ಹಾಕದೇ ಇದ್ರೂ ಎತ್ತಿದ ಕೂಡ್ಲೆ ಬೀಳ್ತದೆ, ಅಥವಾ ಯಾವ ದೊಡ್ಡ ಲೋಡ್ ಹಾಕಿದ್ರೂ ಬೀಳ್ತದೆ, ಇವತ್ತು ಮಿಕ್ಸಿ, ನಾಳೆ ಇಸ್ತ್ರಿಪೆಟ್ಟಿಗೆ, ನಾಡಿದ್ದು ಯಾರೂ ಏನೂ ಮುಟ್ಟದೆ ಸಂಜೆ ಏಳು ಗಂಟೆಗೆ ತನ್ನಷ್ಟಕ್ಕೆ. ಅಜ್ಜಿ ಮನೆಯದ್ದು ಈ ಗುಂಪು, ಜನ ಅತಿ ಹೆಚ್ಚು ದುಡ್ಡು ಕಳ್ಕೊಳ್ಳುವುದೂ ಇದರಲ್ಲೇ.

ಮನೆಯವರು ತಾವೇ ಮಾಡಬಹುದಾದದ್ದು

ಡಿಬಿ ಬಿಚ್ಚಬೇಡಿ, ಹೊರಗಿಂದಲೇ ಮಾಡಿ. ಎಲ್ಲ ಪ್ಲಗ್ ಎಳೆದಿಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು, ಯಾಕೆ ಅಂತ ಕೆಳಗೆ ಹೇಳ್ತೇನೆ. ಎಲ್ಲ ಎಂಸಿಬಿ ಕೆಳಗೆ ಮಾಡಿ ಆರ್‌ಸಿಸಿಬಿ ಎತ್ತಿ. ನಿಂತರೆ ಒಂದೊಂದೇ ಎಂಸಿಬಿ ಎತ್ತುತ್ತಾ ಹೋಗಿ, ಯಾವುದಕ್ಕೆ ಬೀಳ್ತದೋ ಆ ಲೈನಲ್ಲಿ ಫೇಸಿನ ಲೀಕೇಜ್ ಇರುವ ಸಂಭವ ಹೆಚ್ಚು. ಬಿದ್ದ ಎಂಸಿಬಿಯ ಹೆಸರು, ಗಂಟೆ, ಹೊರಗೆ ಮಳೆ ಇತ್ತಾ ಇರ್ಲಿಲ್ವಾ, ಮೂರನ್ನೂ ಬರೆದಿಡಿ. ನಮಗೆ ಅದರಿಂದ ಒಂದು ಗಂಟೆ ಉಳೀತದೆ.

ನಳ್ಳಿ ಮುಟ್ಟಿದಾಗ, ಬಾವಿ ಪಂಪಿನ ಪೈಪ್ ಮುಟ್ಟಿದಾಗ, ಒದ್ದೆ ಗೋಡೆಗೆ ಕೈ ಇಟ್ಟಾಗ ಜುಂ ಅನ್ನಿಸಿದ್ರೆ ಈ ಪರೀಕ್ಷೆ ಎಲ್ಲ ಬೇಡ, ಮೈನ್ ಆಫ್ ಮಾಡಿ, ಜನ ಕರೆಸಿ. ಹೊರಗೆ ಲೈನ್ ತುಂಡಾಗಿ ಬಿದ್ದಿದ್ರೆ ಹತ್ರ ಹೋಗಬೇಡಿ, 1912ಕ್ಕೆ ಫೋನ್ ಮಾಡಿ.

ಎಲ್ಲ ಎಂಸಿಬಿ ಆಫ್ ಇದ್ರೂ ಬೀಳುವುದು ಹೇಗೆ?

ಇಲ್ಲೇ ಎಲ್ಲರೂ ಎಡವುವುದು. ನಮ್ಮ ಮನೆಗಳಲ್ಲಿ ಇರುವ ಎಂಸಿಬಿ ಬಹುಪಾಲು ಸಿಂಗಲ್ ಪೋಲ್, ಅದು ಫೇಸನ್ನು ಮಾತ್ರ ಕಡಿತದೆ. ನ್ಯೂಟ್ರಲ್‌ಗಳೆಲ್ಲ ಡಿಬಿಯ ನ್ಯೂಟ್ರಲ್ ಬಾರ್‌ನಲ್ಲಿ ಒಟ್ಟಿಗೆ ಸೇರಿಕೊಂಡೇ ಇರ್ತವೆ. ಯಾವುದೋ ಮೂಲೆಯಲ್ಲಿ ಒಂದು ನ್ಯೂಟ್ರಲ್ ಅರ್ತಿಗೆ ತಾಗಿದ್ರೆ ನೀವು ಎಷ್ಟು ಎಂಸಿಬಿ ಕೆಳಗೆ ಮಾಡಿದ್ರೂ ಆ ದೋಷ ಜಾಗ ಬಿಟ್ಟು ಕದಲುವುದಿಲ್ಲ. ಸ್ವಿಚ್ಚೂ ಫೇಸನ್ನು ಮಾತ್ರ ಕಡಿಯುವುದು, ಅದಕ್ಕೇ ಪ್ಲಗ್ ಎಳೀರಿ ಅಂದದ್ದು.

ನ್ಯೂಟ್ರಲ್‌ನಲ್ಲಿ ಕರೆಂಟೇ ಇಲ್ವಲ್ಲ, ಅರ್ತಿಗೆ ತಾಗಿದ್ರೆ ಎಂತ ಆಗ್ತದೆ ಅಂತ ಕೇಳ್ತಾರೆ. ನ್ಯೂಟ್ರಲ್ ಟ್ರಾನ್ಸ್‌ಫಾರ್ಮರ್ ಹತ್ರ ಅರ್ತಿಗೆ ಕಟ್ಟಿರ್ತಾರೆ, ಅಲ್ಲಿ ಸೊನ್ನೆ. ನಿಮ್ಮ ಮನೆಗೆ ಬರುವಷ್ಟರಲ್ಲಿ ಸೊನ್ನೆ ಇರುವುದಿಲ್ಲ, ಲೈನಿನಲ್ಲಿ ಕರೆಂಟ್ ಹರಿದಷ್ಟೂ ನ್ಯೂಟ್ರಲ್ ವೈರಿನಲ್ಲಿ ವೋಲ್ಟೇಜ್ ಬೀಳ್ತದೆ, ಹಾಗಾಗಿ ಮನೆಯ ನ್ಯೂಟ್ರಲ್ಲಿಗೂ ಮನೆಯ ಅರ್ತಿಗೂ ನಡುವೆ ಒಂದೋ ಎರಡೋ ವೋಲ್ಟ್ ಇರ್ತದೆ. ಲೋಡ್ ಜಾಸ್ತಿ ಆದ್ರೆ ಈ ವೋಲ್ಟೂ ಜಾಸ್ತಿ. ನಿಮ್ಮ ಮನೆಯ ಲೋಡೇ ಆಗ್ಬೇಕಂತಿಲ್ಲ, ಸಂಜೆ ಏಳಕ್ಕೆ ಅದೇ ಲೈನಿನ ಅಕ್ಕಪಕ್ಕದ ಮನೆಯವರು ಲೈಟು, ಟಿವಿ, ಪಂಪು ಎಲ್ಲ ಹಾಕಿದ್ರೂ ಸಾಕು. ಆ ಎರಡು ವೋಲ್ಟ್ ತಾಗಿದ ಜಾಗದಿಂದ ಅರ್ತಿಗೆ ಕರೆಂಟ್ ದೂಡ್ತದೆ, ಆರ್‌ಸಿಸಿಬಿ ಲೆಕ್ಕ ತಪ್ಪಿ ಬೀಳ್ತದೆ. ಮಿಕ್ಸಿ ಇಲ್ಲಿ ಲೋಡ್ ಮಾತ್ರ, ಅಪರಾಧಿ ಅಲ್ಲ.

ಹಾಗಾದ್ರೆ ಬೇಸಿಗೆಯಲ್ಲಿ ಯಾಕೆ ಬೀಳ್ಲಿಲ್ಲ ಅಂತ ಅಜ್ಜಿಯ ಮಗ ಕೇಳಿದ್ರು, ಒಳ್ಳೇ ಪ್ರಶ್ನೆ. ಮುರಕಲ್ಲಿನ ನೆಲ ಏಪ್ರಿಲ್‌ನಲ್ಲಿ ಒಣಗಿ ಕಲ್ಲಾಗಿರ್ತದೆ, ಅರ್ತಿಂಗ್ ಪೈಪಿನ ರೆಸಿಸ್ಟೆನ್ಸ್ 150 ಓಮ್ ಆದ್ರೂ ಆಶ್ಚರ್ಯ ಇಲ್ಲ, ಎರಡು ವೋಲ್ಟನ್ನು 150ರಿಂದ ಭಾಗಿಸಿದ್ರೆ 13 ಮಿಲಿ ಆಂಪಿಯರ್, ಆರ್‌ಸಿಸಿಬಿ ಬೀಳಬೇಕಿಲ್ಲ. ಮಳೆ ಹಿಡಿದು ನೆಲ ನೆನೆದ ಮೇಲೆ ಅದೇ ಪೈಪ್ 30 ಓಮಿಗೆ ಬಂದ್ರೆ ಅದೇ ಎರಡು ವೋಲ್ಟಿಗೆ 66 ಮಿಲಿ ಆಂಪಿಯರ್, ಬಿದ್ದೇ ಬೀಳ್ತದೆ. ದೋಷ ಮೊದಲೇ ಇತ್ತು, ಮಳೆ ಅದನ್ನು ತೋರಿಸಿಕೊಟ್ಟದ್ದು.

ಹುಡುಕುವ ಕೆಲಸ

ಇದು ವೈರ್‌ಮ್ಯಾನ್ ಪರ್ಮಿಟ್ ಇದ್ದವರ ಕೆಲಸ, ಸಪ್ಲೈ ಪೂರ್ತಿ ಬಂದ್ ಮಾಡಿಯೇ ಮಾಡುವುದು. ಮೊದಲು ಆ ಡೈರೆಕ್ಟ್ ಮಾಡಿದ ವೈರ್ ತೆಗೆದೆ. ಮೈನ್ ಆಫ್, ಟೆಸ್ಟ್ ಲ್ಯಾಂಪಲ್ಲಿ ನೋಡಿ ಡೆಡ್ ಅಂತ ಖಾತ್ರಿ, ಬರೀ ಸ್ಕ್ರೂಡ್ರೈವರ್ ಟೆಸ್ಟರ್ ನಂಬಿ ನಾನು ಯಾವತ್ತೂ ಕೈ ಹಾಕುವುದಿಲ್ಲ. ಆರ್‌ಸಿಸಿಬಿಯ ಔಟ್‌ಗೋಯಿಂಗ್ ಎರಡೂ ಬಿಚ್ಚಿ, ಇನ್‌ಕಮಿಂಗ್ ಮಾತ್ರ ಕೊಟ್ಟು ಎತ್ತಿದೆ, ನಿಂತಿತು, ಟೆಸ್ಟ್ ಬಟನ್ ಒತ್ತಿದ್ರೆ ಬಿತ್ತು. ಅಂದ್ರೆ ಆರ್‌ಸಿಸಿಬಿ ಸರಿ ಉಂಟು. ಈ ಎರಡು ನಿಮಿಷದ ಕೆಲಸ ಮಾಡದೆ ಎಷ್ಟೋ ಒಳ್ಳೇ ಆರ್‌ಸಿಸಿಬಿ ಕಸದ ಬುಟ್ಟಿಗೆ ಹೋಗ್ತವೆ. ಮಲ್ಪೆ, ಪಡುಬಿದ್ರೆ ಹಾಗೆ ಕಡಲ ಬದಿಯ ಮನೆಗಳಲ್ಲಿ ಒಳಗೆ ತುಕ್ಕು ಹಿಡಿದು ನಿಜವಾಗಿಯೂ ಹಾಳಾಗುವುದುಂಟು, ಆದ್ರೆ ನೋಡಿ ಹೇಳಿ.

ಮತ್ತೆ ಮೈನ್ ಆಫ್. ಈಗ ನ್ಯೂಟ್ರಲ್ ಬಾರ್‌ನಿಂದ ಎಲ್ಲ ನ್ಯೂಟ್ರಲ್ ಬಿಚ್ಚಿ ಒಂದೊಂದಕ್ಕೂ ಚೀಟಿ ಕಟ್ಟಿದೆ. ಟಿವಿ, ಎಲ್‌ಇಡಿ ಬಲ್ಬ್, ಇನ್ವರ್ಟರ್ ಎಲ್ಲ ಬೇರ್ಪಡಿಸಿದ ಮೇಲೆ 500 ವೋಲ್ಟಿನ ಮೆಗ್ಗರ್ (ವೈರಿನ ಇನ್ಸುಲೇಶನ್ ಅಳೆಯುವ ಮೀಟರ್) ಇಟ್ಟು ಒಂದೊಂದು ನ್ಯೂಟ್ರಲ್ಲಿಗೂ ಅರ್ತ್ ಬಾರಿಗೂ ನಡುವೆ ನೋಡುವುದು. ಎಲೆಕ್ಟ್ರಾನಿಕ್ ವಸ್ತು ಲೈನಲ್ಲಿ ಬಿಟ್ಟು ಮೆಗ್ಗರ್ ತಿರುಗಿಸಿದ್ರೆ ಅವು ಸುಟ್ಟುಹೋಗಬಹುದು, ಬಿಚ್ಚಲಿಕ್ಕೆ ಆಗದ್ದೇನಾದ್ರೂ ಇದ್ರೆ ಆ ಲೈನಿನ ಫೇಸ್ ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಟ್ಟಿ ಅರ್ತಿಗೆ ನೋಡಿ. ಒಂದು ಮೆಗಾ ಓಮ್‌ಗಿಂತ ಕಡಿಮೆ ಇರಬಾರದು, ನಮ್ಮ ಮಳೆಗಾಲದ ಗೋಡೆಯಲ್ಲೂ ಒಳ್ಳೇ ವೈರ್ ಅದಕ್ಕಿಂತ ಎಷ್ಟೋ ಮೇಲೆ ತೋರಿಸ್ತದೆ.

ಚಾವಡಿ ಲೈನ್ ಸರಿ, ಅಡಿಗೆಕೋಣೆ ಸರಿ, ಮಿಕ್ಸಿಯ ಲೈನ್ ಪಕ್ಕಾ ಸರಿ. ಬಚ್ಚಲು ಉಳಿದವಕ್ಕಿಂತ ಸ್ವಲ್ಪ ಕಡಿಮೆ, ಆದ್ರೂ ಒಂದು ಮೆಗಾ ಓಮಿನ ಮೇಲೆಯೇ, ಪರವಾಗಿಲ್ಲ. ಕಡೆಗೆ ಉಳಿದದ್ದು ಹಟ್ಟಿಗೆ (ದನದ ಕೊಟ್ಟಿಗೆಗೆ) ಹೋಗುವ ಲೈನ್, ಅದಕ್ಕೆ ಇಟ್ಟ ಕೂಡ್ಲೆ ಮೆಗ್ಗರಿನ ಮುಳ್ಳು ನೇರ ಸೊನ್ನೆಗೆ ಮಲಗಿತು.

ಹಟ್ಟಿಯಲ್ಲಿ ದನ ಇರ್ಲಿಲ್ಲ, ಎರಡು ವರ್ಷದ ಹಿಂದೆ ಕೊಟ್ಟಿದ್ರಂತೆ, ಈಗ ಸೌದೆ, ತೆಂಗಿನಕಾಯಿ ಇಡುವುದು. ಲೈಟ್ ಹಾಕದೆ ತಿಂಗಳುಗಳೇ ಆಗಿತ್ತು, ಹಾಗಾಗಿ ಯಾರಿಗೂ ಅದರ ನೆನಪೇ ಇಲ್ಲ. ಮಾಡಿನ ಪಕ್ಕಾಸಿನ (ಹೆಂಚು ಹೊರುವ ಮರದ ಪಟ್ಟಿಯ) ಅಡಿಯಲ್ಲಿ ಒಂದು ಕಬ್ಬಿಣದ ಜಂಕ್ಷನ್ ಬಾಕ್ಸ್, ಮೇಲೆ ಹೆಂಚು ಜಾರಿ ನೀರು ಇಳಿದ ಕಲೆ, ಒಳಗೆ ಇಲಿ ಕಡಿದ ಕಪ್ಪು ವೈರ್, ತಾಮ್ರ ಬಾಕ್ಸಿನ ಅಂಚಿಗೆ ಒತ್ತಿ ಕೂತಿತ್ತು. ಬಾಕ್ಸಿಗೆ ಅರ್ತ್ ಕೊಟ್ಟಿದ್ರು, ಅದು ಸರಿಯಾದ ಕೆಲಸವೇ. ಸ್ವಿಚ್ ಆಫ್, ಎಂಸಿಬಿಯೂ ಆಫ್, ಲೈಟಿನ ಬಲ್ಬೂ ಇಲ್ಲ, ಆದ್ರೂ ಇಡೀ ಮನೆಯ ಕರೆಂಟ್ ಬೀಳಿಸ್ತಾ ಇದ್ದದ್ದು ಇದು.

ಖಾತ್ರಿ ಮಾಡ್ಲಿಕ್ಕೆ ಹಟ್ಟಿಯ ನ್ಯೂಟ್ರಲ್ ಹೊರಗೆ ಬಿಟ್ಟು ಉಳಿದದ್ದೆಲ್ಲ ಸೇರಿಸಿ ಸಪ್ಲೈ ಕೊಟ್ಟೆ. ನ್ಯೂಟ್ರಲ್ಲಿಗೂ ಅರ್ತಿಗೂ ಮೀಟರಿನಲ್ಲಿ 0.4 ವೋಲ್ಟ್. ಅಜ್ಜಿ ಹತ್ರ ಮಿಕ್ಸಿ ಹಾಕಿ ಅಂದೆ, 2 ವೋಲ್ಟಿಗೆ ಏರಿತು, ಆರ್‌ಸಿಸಿಬಿ ಗಟ್ಟಿಯಾಗಿ ನಿಂತಿತು. ಕಂಬದಿಂದ ದೂರದ ಮನೆ, ಉದ್ದ ಲೈನ್, ಹಾಗಾಗಿ ಎರಡು ವೋಲ್ಟ್ ಅಲ್ಲಿ ಸಾಮಾನ್ಯ.

ಬೇರೆ ಎಲ್ಲೆಲ್ಲಿ ಹುಡುಕಬೇಕು? ಗೇಟಿನ ಕಂಬದ ಲೈಟ್, ಬಾವಿಕಟ್ಟೆಯ ಪಂಪಿನ ಕೇಬಲ್ ಜಾಯಿಂಟ್, ಅಂಗಳದ ಅಡಿಯಲ್ಲಿ ಹೋದ ಪೈಪ್ (ಮಳೆಗಾಲದಲ್ಲಿ ಅದರ ತುಂಬ ನೀರೇ), ಹೊರಗಿನ ಕಾಲಿಂಗ್ ಬೆಲ್ ಸ್ವಿಚ್, ಟ್ಯಾಂಕಿನ ಫ್ಲೋಟ್ ಸ್ವಿಚ್. ಪೈಪಿನ ಒಳಗೆ ಜಾಯಿಂಟ್ ಇರಲೇಬಾರದು, ಇದ್ರೆ ದೋಷ ಅಲ್ಲೇ ಅಂತ ಕಣ್ಣು ಮುಚ್ಚಿ ಹೇಳಬಹುದು. ಕಪ್ಪು ಟೇಪ್ ಸುತ್ತಿದ ಜಾಯಿಂಟ್ ನಮ್ಮ ಊರಲ್ಲಿ ಒಂದು ಮಳೆಗಾಲ ಬಾಳಿದ್ರೆ ದೊಡ್ಡದು.

ಯಾವುದೂ ಸಿಗದೆ ಎಲ್ಲ ಲೈನೂ ಚೆನ್ನಾಗಿ ತೋರಿಸಿದ್ರೆ ಆಗ ಸಣ್ಣ ಸಣ್ಣ ಲೀಕೇಜ್ ಒಟ್ಟಾಗಿರಬಹುದು. ಕಂಪ್ಯೂಟರ್, ವಾಷಿಂಗ್ ಮೆಷಿನ್, ಇನ್ವರ್ಟರ್ ಎಸಿ ಇವೆಲ್ಲ ಫಿಲ್ಟರ್ ಮೂಲಕ ಸ್ವಲ್ಪ ಸ್ವಲ್ಪ ಅರ್ತಿಗೆ ಬಿಡ್ತವೆ. ಮಾಮೂಲಿ ಲೀಕೇಜ್ 9 ಮಿಲಿ ಆಂಪಿಯರ್ ಅಂದ್ರೆ 30ರ ಶೇಕಡಾ 30 ದಾಟಬಾರದು ಅಂತ ಲೆಕ್ಕ, ದಾಟಿದ್ರೆ ಲೈನುಗಳನ್ನು ಎರಡು ಆರ್‌ಸಿಸಿಬಿಗೆ ಹಂಚಿ. ಅದರ ಬದಲು 100 ಮಿಲಿ ಆಂಪಿಯರಿನದ್ದು ಹಾಕುವುದು ಮನೆಗೆ ಸಲ್ಲ.

ಡೈರೆಕ್ಟ್ ಮಾಡಿದ್ರೆ ಎಂತ ಆಗ್ತದೆ, ಲೆಕ್ಕ ನೋಡಿ

"ಅರ್ತಿಂಗ್ ಉಂಟಲ್ಲ, ಎಂಸಿಬಿ ಉಂಟಲ್ಲ, ಸಾಕು" ಅನ್ನುವವರಿಗಾಗಿ ಇದು. ಗೀಸರಿನ ಫೇಸ್ ಬಾಡಿಗೆ ತಾಗಿತು ಅಂತ ಇಟ್ಕೊಳ್ಳಿ. ಮನೆಯ ಅರ್ತ್ 18 ಓಮ್, ಉಳಿದ ದಾರಿ 2 ಓಮ್, ಒಟ್ಟು 20. 230 ವೋಲ್ಟನ್ನು 20ರಿಂದ ಭಾಗಿಸಿದ್ರೆ 11.5 ಆಂಪಿಯರ್. ಗೀಸರಿನ ಎಂಸಿಬಿ 16 ಆಂಪಿಯರಿನದ್ದು, ಅದಕ್ಕೆ ಇದು ಮಾಮೂಲಿ ಲೋಡ್, ಇಡೀ ದಿನ ಬೀಳುವುದಿಲ್ಲ. ಗೀಸರಿನ ಬಾಡಿಯಲ್ಲಿ, ಅದಕ್ಕೆ ಸೇರಿದ ನಳ್ಳಿಯಲ್ಲಿ 207 ವೋಲ್ಟ್ ಕೂತಿರ್ತದೆ. ಸಿ ಕರ್ವ್ ಅನ್ನುವ ಜಾತಿಯ 16 ಆಂಪಿಯರ್ ಎಂಸಿಬಿ ತಟ್ಟನೆ ಬೀಳಬೇಕಾದ್ರೆ ಅದರ ಐದರಿಂದ ಹತ್ತು ಪಟ್ಟು, ಅಂದ್ರೆ 80ರಿಂದ 160 ಆಂಪಿಯರ್ ಹರೀಬೇಕು, ಅದಕ್ಕೆ ಇಡೀ ದಾರಿ ಒಂದೂವರೆ ಓಮ್‌ಗಿಂತ ಕಡಿಮೆ ಬೇಕು. ನಮ್ಮ ಮುರಕಲ್ಲಿನಲ್ಲಿ ಒಂದು ಮನೆಯ ಒಂದು ಪೈಪಿಗೆ ಅದು ಎಲ್ಲಿ ಸಿಗ್ತದೆ ಮಾರಾಯ್ರೆ, ಇದ್ದಿಲು ಉಪ್ಪು ಎಷ್ಟು ತುಂಬಿಸಿದ್ರೂ ಸಿಗುವುದಿಲ್ಲ. ಆರ್‌ಸಿಸಿಬಿಗೆ ಮಾತ್ರ ಆ 11.5 ಆಂಪಿಯರ್ ಬಹಳ ದೊಡ್ಡದು, ಕಣ್ಣು ಮಿಟುಕಿಸುವ ಮೊದಲು ಕಡಿತದೆ. ಹಾಗಂತ ಅರ್ತಿಂಗ್ ಬೇಡ ಅಂತಲ್ಲ, ಐಎಸ್ 3043ರಲ್ಲಿ ಹೇಳಿದ ಹಾಗೆ ಕನಿಷ್ಠ ಎರಡೂವರೆ ಮೀಟರ್ ಪೈಪ್ ಇಳಿಸಿ ಮಾಡಲೇಬೇಕು, ಎರಡೂ ಸೇರಿದ್ರೇ ರಕ್ಷಣೆ.

ಇದಕ್ಕಿಂತ ಕೆಟ್ಟ ಪದ್ಧತಿ ಒಂದುಂಟು, ಪ್ಲಗ್ ಪಾಯಿಂಟಿನಲ್ಲಿ ಅರ್ತ್ ವೈರ್ ಇಲ್ಲದಿದ್ರೆ ಅರ್ತ್ ಪಿನ್ನನ್ನು ನ್ಯೂಟ್ರಲ್ಲಿಗೆ ಸೇರಿಸುವುದು. ಎಲ್ಲಾದ್ರೂ ನ್ಯೂಟ್ರಲ್ ಕಟ್ ಆದ್ರೆ ಫ್ರಿಜ್ಜಿನ ಬಾಡಿಗೆ ನೇರ 230 ವೋಲ್ಟ್ ಬರ್ತದೆ. ಕಂಡ್ರೆ ಅವತ್ತೇ ಬಿಚ್ಚಿಸಿ.

ಯಾರಿಂದ ಮಾಡಿಸಬೇಕು

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ ಮೊದಲು 2010ರದ್ದಿತ್ತು, ಈಗ 2023ರದ್ದು. ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಿಸುವ ಸಣ್ಣ ಕೆಲಸ ಬಿಟ್ರೆ ವೈರಿಂಗಿನ ಹೊಸ ಕೆಲಸ, ಸೇರಿಸುವುದು, ಬದಲಾಯಿಸುವುದು, ರಿಪೇರಿ ಎಲ್ಲವೂ ರಾಜ್ಯ ಸರ್ಕಾರದ ಲೈಸೆನ್ಸ್ ಇರುವ ಕಾಂಟ್ರಾಕ್ಟರಿಂದ, ಸೂಪರ್‌ವೈಸರ್ ಸರ್ಟಿಫಿಕೇಟ್ ಇದ್ದವರ ಮೇಲ್ವಿಚಾರಣೆಯಲ್ಲಿ, ವೈರ್‌ಮ್ಯಾನ್ ಪರ್ಮಿಟ್ ಇದ್ದವರ ಕೈಯಿಂದಲೇ ಆಗ್ಬೇಕು. ಕರ್ನಾಟಕದಲ್ಲಿ ಇವನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಪರ್ಮಿಟ್ ತೋರಿಸಿ ಅಂತ ಕೇಳ್ಲಿಕ್ಕೆ ಸಂಕೋಚ ಬೇಡ, ತಾರೀಕು ಮುಗಿದಿದೆಯಾ ಅಂತಲೂ ನೋಡಿ, ನನ್ನನ್ನು ಕೇಳಿದ್ರೆ ನಾನು ಖುಷಿಯಲ್ಲೇ ತೋರಿಸ್ತೇನೆ. ಹೊಸ ಕನೆಕ್ಷನ್‌ಗೆ ಮೆಸ್ಕಾಂಗೆ ಕೊಡುವ ಕಂಪ್ಲೀಷನ್ ರಿಪೋರ್ಟಿಗೆ ಸಹಿ ಹಾಕುವವರು ಕೆಲಸ ನೋಡಿದವರೇ ಆಗಿರ್ಲಿ. ಮೆಗ್ಗರ್ ಇಲ್ಲದೆ ಬಂದವರು ಲೀಕೇಜ್ ಹುಡುಕ್ತೇನೆ ಅಂದ್ರೆ ಅದು ಬರೀ ಅಂದಾಜು, ಡೈರೆಕ್ಟ್ ಮಾಡಿ ಕೊಡ್ತೇನೆ ಅಂದ್ರೆ ಚಹಾ ಕೊಟ್ಟು ಕಳಿಸಿ.

ಅಜ್ಜಿ ಮನೆಯಲ್ಲಿ ಎಂತ ಮಾಡಿದೆವು

ಹಟ್ಟಿಯ ಲೈನ್ ಪೂರ್ತಿ ಕಿತ್ತು ಐಎಸ್ 694 ಗುರುತಿನ 1.5 ಸ್ಕ್ವೇರ್ ಮಿಲಿಮೀಟರ್ ವೈರಿನಲ್ಲಿ ಹೊಸದಾಗಿ ಎಳೆದೆವು, ಫೇಸ್ ಕೆಂಪು, ನ್ಯೂಟ್ರಲ್ ಕಪ್ಪು, ಅರ್ತ್ ಹಸಿರು. ಕಬ್ಬಿಣದ ಬಾಕ್ಸ್ ತೆಗೆದು ನೀರು ಹೋಗದ ಪ್ಲಾಸ್ಟಿಕ್ ಬಾಕ್ಸ್, ವೈರ್ ಕೆಳಗಿಂದ ಒಳಗೆ ಹೋಗುವ ಹಾಗೆ, ಮೇಲಿಂದ ತೂತು ಕೊರೆದ್ರೆ ನೀರು ವೈರ್ ಹಿಡ್ಕೊಂಡೇ ಇಳೀತದೆ. ಜಾರಿದ ಹೆಂಚನ್ನೂ ಸರಿ ಮಾಡಿಸಿದೆವು, ಅದು ವೈರ್‌ಮ್ಯಾನಿನ ಕೆಲಸ ಅಲ್ಲ ಅಂತ ಬಿಟ್ರೆ ಮುಂದಿನ ಆಟಿಗೆ ಮತ್ತೆ ಅಲ್ಲಿಗೇ ಹೋಗ್ಬೇಕಾಗ್ತದೆ. ಹಟ್ಟಿ, ಗೇಟ್ ಲೈಟ್, ಪಂಪ್ ಮೂರಕ್ಕೂ ಬೇರೆ ಬೇರೆ ಎರಡು ಪೋಲಿನ, ಅಂದ್ರೆ ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವ ಆರ್‌ಸಿಬಿಒ (ಎಂಸಿಬಿ, ಆರ್‌ಸಿಸಿಬಿ ಎರಡರ ಕೆಲಸವೂ ಒಂದರಲ್ಲೇ) ಹಾಕಿ ಅವನ್ನು ಮನೆಯ ಆರ್‌ಸಿಸಿಬಿಯಿಂದ ಬೇರ್ಪಡಿಸಿದೆವು, ಇನ್ನು ಹೊರಗೆ ಎಲ್ಲಿ ನೀರು ಹೋದ್ರೂ ಒಳಗೆ ಕತ್ತಲೆ ಆಗುವುದಿಲ್ಲ, ರಾತ್ರಿ ಅಜ್ಜಿ ಟಾರ್ಚ್ ಹಿಡ್ಕೊಂಡು ಡಿಬಿ ಹತ್ರ ಬರಬೇಕಿಲ್ಲ.

ಆಮೇಲೆ ಪ್ರತಿ ಲೈನಿನ ಮೆಗ್ಗರ್ ರೀಡಿಂಗ್, ಅರ್ತ್ ಪೈಪಿನ ಓಮ್, ತಾರೀಕು ಒಂದು ಕಾಗದದಲ್ಲಿ ಬರೆದು ಡಿಬಿ ಬಾಗಿಲಿನ ಒಳಗೆ ಅಂಟಿಸಿದೆ, ಮುಂದೆ ಯಾರೇ ಬಂದ್ರೂ ಹೋಲಿಸಿ ನೋಡಬಹುದು. ಟೆಸ್ಟ್ ಬಟನ್ ಯಾವುದು ಅಂತ ಅಜ್ಜಿಗೆ ತೋರಿಸಿದೆ, ತಿಂಗಳಿಗೊಮ್ಮೆ ಒತ್ತಬೇಕು, ಒತ್ತಿದ್ರೆ ಬೀಳಬೇಕು, ಬೀಳದಿದ್ರೆ ಫೋನ್ ಮಾಡಬೇಕು. "ಸಂಕ್ರಮಣದ ದಿನ ಒತ್ತುತ್ತೇನೆ, ಆಗ ಮರೆಯುವುದಿಲ್ಲ" ಅಂದ್ರು. ರಿಪೇರಿಗೆ ಕೊಟ್ಟಿದ್ದ ಹಳೇ ಮಿಕ್ಸಿ ಅಟ್ಟದಿಂದ ಇಳಿಸಿ ಅದಕ್ಕೂ ಮೆಗ್ಗರ್ ಇಟ್ಟು ನೋಡಿದೆ, ಏನೂ ದೋಷ ಇರ್ಲಿಲ್ಲ, ಅದರಲ್ಲೇ ತೆಂಗಿನಕಾಯಿ ಅರೆದು ತೋರಿಸಿದ್ರು.